ಸಣ್ಣ ಮಿಲ್ಲಿಂಗ್ ಮೆಷಿನ್‌ಗೆ ಡಿಆರ್‌ಒ ಕೂರಿಸಬೇಕು: ಗಾಜಿನ ಸ್ಕೇಲಾ, ಮ್ಯಾಗ್ನೆಟಿಕ್ಕಾ?

ಬದಿಯಡ್ಕ ಬೆಂಚ್‌ಮಿಲ್
ಭಾನುವಾರ, ರಾತ್ರಿ 9:40

ಬದಿಯಡ್ಕದ ಹತ್ತಿರ ನಮ್ಮ ಮನೆ. ಹಳೆಯ ಕೊಟ್ಟಿಗೆಯಲ್ಲಿ ಈಗ ದನ ಇಲ್ಲ, ಒಂದು ಸಣ್ಣ ಮಿಲ್ಲಿಂಗ್ ಮೆಷಿನ್ ಉಂಟು. ಬೆಂಚಿನ ಮೇಲೆ ಕೂರುವಂಥದ್ದು, ಸಿಂಗಲ್ ಫೇಸ್ ಮೋಟರು. ಮುಚ್ಚಿಹೋದ ಒಂದು ವರ್ಕ್‌ಶಾಪಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಟೇಬಲ್ ಉದ್ದಕ್ಕೆ 300 ಮಿಮೀ ಓಡುತ್ತದೆ, ಅಡ್ಡಕ್ಕೆ 130. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪು, ಸುಲಿಯುವ ಮೆಷಿನ್ನಿನ ಬೇರಿಂಗ್ ಮನೆ, ಅಕ್ಕಪಕ್ಕದವರ ಪಂಪ್‌ಸೆಟ್ಟಿನ ಫ್ಲಾಂಜು, ಇಂಥವೇ ಕೆಲಸ. ಸಂಪಾದನೆಗಿಂತ ಹುಚ್ಚು ಜಾಸ್ತಿ.

ತೊಂದರೆ ಏನೆಂದರೆ ಲೆಕ್ಕ ತಪ್ಪುವುದು. ಹ್ಯಾಂಡಲಿನ ಒಂದು ಸುತ್ತಿಗೆ ಟೇಬಲ್ 2 ಮಿಮೀ ಹೋಗುತ್ತದೆ. ಡಯಲಿನಲ್ಲಿ 100 ಗೆರೆ, ಗೆರೆಗೆ 0.02. ಮೊನ್ನೆ 37.46 ಸರಿಸಬೇಕಿತ್ತು. 18 ಸುತ್ತು, ಮೇಲೆ 73 ಗೆರೆ. ಹದಿಮೂರನೆಯದೋ ಹದಿನಾಲ್ಕನೆಯದೋ ಸುತ್ತಿನಲ್ಲಿ ಮನೆಯಿಂದ "ಚಾ ತಣಿಯಿತು" ಎಂದು ಕೂಗು ಬಂತು. ಅಷ್ಟೇ. ತೂತು ಸರಿಯಾಗಿ 2 ಮಿಮೀ ಆಚೆ ಬಿತ್ತು. ಆ ಫ್ಲಾಂಜು ಈಗ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುವುದಕ್ಕೆ ಆಗಿದೆ.

ಇದರ ಮೇಲೆ ಬ್ಯಾಕ್‌ಲ್ಯಾಷ್ ಬೇರೆ. ದಿಕ್ಕು ಬದಲಿಸಿದರೆ 15 ಗೆರೆ ಸುಮ್ನೆ ತಿರುಗುತ್ತದೆ, ಟೇಬಲ್ ಅಲ್ಲಾಡುವುದಿಲ್ಲ.

ಹಾಗಾಗಿ ಡಿಜಿಟಲ್ ರೀಡ್‌ಔಟ್ (ಡಿಆರ್‌ಒ), ಅಂದರೆ ಟೇಬಲ್ ಎಷ್ಟು ಸರಿಯಿತೆಂದು ಅಂಕೆಯಲ್ಲಿ ತೋರಿಸುವಂಥದ್ದು, ಹಾಕಬೇಕು ಅಂತ ಉಂಟು. ಗಾಜಿನ ಸ್ಕೇಲು, ಮ್ಯಾಗ್ನೆಟಿಕ್ ಟೇಪು, ಡಿಜಿಟಲ್ ವರ್ನಿಯರ್ ಥರದ್ದು, ಮೂರೂ ನೋಡಿದೆ. ನಮ್ಮಲ್ಲಿ ಮಳೆಗಾಲ ಎಂದರೆ ಗೊತ್ತಲ್ಲ. ಬೆಳಿಗ್ಗೆ ಒರೆಸಿಟ್ಟ ಕಬ್ಬಿಣಕ್ಕೆ ಸಂಜೆ ತುಕ್ಕು. ಹಾಕಿದವರು ಯಾರಾದರೂ ಹೇಳಿ.

ಹೊಸೂರು ಟೂಲ್‌ರೂಮ್
ಭಾನುವಾರ, ರಾತ್ರಿ 10:15

ಸ್ಕೇಲ್ ಕೊಳ್ಳುವ ಮೊದಲು ಗಿಬ್ ನೋಡಿ, ಅಂದರೆ ಟೇಬಲ್ ಓಡುವ ದಾರಿಯ ಸಡಿಲ ತೆಗೆಯಲು ಪಕ್ಕದಲ್ಲಿ ಕೂರಿಸಿದ ಪಟ್ಟಿ. ಇದು ನನ್ನ ಹಳೇ ರಾಗ, ಇಲ್ಲಿ ಇರುವವರಿಗೆಲ್ಲ ಗೊತ್ತು.

ಟೇಬಲ್ ನಡುವಿಗೆ ತನ್ನಿ. ಟೇಬಲ್ಲಿನ ಒಂದು ತುದಿಗೆ ಡಯಲ್ ಗೇಜ್ ತಾಗಿಸಿ, ಆ ತುದಿಯನ್ನು ಕೈಯಲ್ಲಿ ಹಿಂದೆ ಮುಂದೆ ತಳ್ಳಿ. ಮುಳ್ಳು 0.05 ಹೋಗಿ ಬಂತು ಅಂದರೆ ಟೇಬಲ್ ತನ್ನ ದಾರಿಯಲ್ಲೇ ಅಡ್ಡಡ್ಡ ತಿರುಗುತ್ತಿದೆ. ಅದಕ್ಕೆ ಎಷ್ಟು ದುಡ್ಡಿನ ಸ್ಕೇಲ್ ಹಾಕಿದರೂ ಸ್ಕೇಲ್ ಇರುವ ಜಾಗದ ಅಳತೆ ಬರುತ್ತದೆ, ಕಟರ್ ಇರುವ ಜಾಗದ್ದಲ್ಲ. ಲೆಕ್ಕ ಹಾಕಿ ನೋಡಿ. 300 ಮಿಮೀ ಉದ್ದಕ್ಕೆ 0.05 ತಿರುಗಿತು, ಸ್ಕೇಲ್ ಟೇಬಲ್ಲಿನ ಹಿಂದೆ ಇದೆ, ನಿಮ್ಮ ಜಾಬ್ ಅದಕ್ಕಿಂತ 120 ಮಿಮೀ ಮುಂದೆ ಇದೆ. ಅಲ್ಲಿಗೆ 0.02 ತಪ್ಪು. ಡಿಸ್‌ಪ್ಲೇ ಮಾತ್ರ 0.005 ತನಕ ಗಂಭೀರವಾಗಿ ತೋರಿಸುತ್ತಾ ಕೂತಿರುತ್ತದೆ.

ಬ್ಯಾಕ್‌ಲ್ಯಾಷ್ ಬಗ್ಗೆ ಒಂದು ಮಾತು. ಡಿಆರ್‌ಒ ಸ್ಕ್ರೂ ನೋಡುವುದಿಲ್ಲ, ಟೇಬಲ್ ನೋಡುತ್ತದೆ. ಆದ್ದರಿಂದ ಅಳತೆಯಲ್ಲಿ ಬ್ಯಾಕ್‌ಲ್ಯಾಷ್ ಸೇರುವುದಿಲ್ಲ, ನಿಜ. ಆದರೆ ಆ 0.3 ಮಿಮೀ ಸಡಿಲ ಎಲ್ಲಿಗೂ ಹೋಗಿಲ್ಲ. ಕ್ಲೈಂಬ್ ಮಿಲ್ಲಿಂಗ್ (ಕಟರ್ ತಿರುಗುವ ದಿಕ್ಕಿಗೇ ಟೇಬಲ್ ಓಡಿಸಿ ಕತ್ತರಿಸುವುದು) ಮಾಡಿದಿರೋ, ಕಟರ್ ಟೇಬಲ್ಲನ್ನು ಅಷ್ಟು ಎಳೆದುಕೊಂಡೇ ತೀರುತ್ತದೆ.

ತಾಳವಾಡಿ ವೈರು
ಭಾನುವಾರ, ರಾತ್ರಿ 11:02

ನಾನು ವರ್ನಿಯರ್ ಥರದ್ದೇ ಹಾಕಿದ್ದೇನೆ. ಮೂರು ಸ್ಕೇಲು, ಒಂದು ಇಎಸ್‌ಪಿ32 ಬೋರ್ಡು, ಬ್ಲೂಟೂತ್, ಹಳೆಯ ಟ್ಯಾಬ್ಲೆಟ್‌ನಲ್ಲಿ ಟಚ್‌ಡಿಆರ್‌ಒ ಆ್ಯಪ್. ಜೇಬಿಗೆ ಹಗುರ, ಸ್ಕ್ರೀನ್ ದೊಡ್ಡದು. ಎರಡು ವರ್ಷದಿಂದ ನಡೀತಿದೆ. 0.01 ಮಿಮೀ ತೋರಿಸುತ್ತದೆ, ನನ್ನ ಕೆಲಸಕ್ಕೆ ಸಾಕು.

ತೊಂದರೆಯನ್ನೂ ಹೇಳಬೇಕಲ್ವಾ? ಅದು ಕೆಪಾಸಿಟಿವ್, ಪಟ್ಟಿಯ ವಿದ್ಯುತ್ ಚಾರ್ಜ್ ನೋಡಿ ಅಳೆಯುವಂಥದ್ದು. ಪಟ್ಟಿಯ ಮೇಲೆ ಕೂಲೆಂಟ್ ನೀರು ಕೂತರೆ ಅಂಕೆ ಹುಚ್ಚಾಪಟ್ಟೆ ಓಡುತ್ತದೆ. ನಾನು ಒಣಗಲಲ್ಲೇ ಕತ್ತರಿಸುತ್ತೇನೆ, ನಮ್ಮ ಬೆಟ್ಟದ ಮೇಲೆ ಗಾಳಿಯೂ ಒಣ. ನಿಮ್ಮ ಕಾಸರಗೋಡಿನ ಜುಲೈಗೆ ನಾನು ಗ್ಯಾರಂಟಿ ಕೊಡಲ್ಲ.

ಅಕ್ಕಲಕೋಟೆ ಲೇತ್
ಸೋಮವಾರ, ಬೆಳಿಗ್ಗೆ 6:20

ಗಾಜಿಂದ ಹಾಕ್ರಿ, ಚಿಂತಿ ಬಿಡ್ರಿ. ಗಾಜಿನ ಪಟ್ಟಿ ಮ್ಯಾಲೆ 20 ಮೈಕ್ರಾನಿಗೆ ಒಂದು ಗೆರೆ, ಅಂದರೆ ಒಂದು ಮಿಲಿಮೀಟರಿಗೆ 50. ಒಳಗೆ ಎಲ್‌ಇಡಿ ಬೆಳಕು ಗೆರೆ ದಾಟಿದಂತೆ ಎರಡು ಸಿಗ್ನಲ್ ಬರುತ್ತವೆ, ಎ ಮತ್ತು ಬಿ. ಎರಡೂ ಕಾಲು ಹೆಜ್ಜೆ ಹಿಂದೆ ಮುಂದೆ. ಯಾವುದು ಮೊದಲು ಬಂತು ಅನ್ನುವುದರಿಂದ ದಿಕ್ಕು ತಿಳಿಯುತ್ತದೆ. ಎರಡರ ಏರಿಳಿತ ಎಲ್ಲ ಎಣಿಸಿದರೆ ಗೆರೆಗೆ ನಾಲ್ಕು ಎಣಿಕೆ. ಇಪ್ಪತ್ತನ್ನ ನಾಲ್ಕರಿಂದ ಭಾಗಿಸಿದರೆ ಐದು ಮೈಕ್ರಾನ್. ಭಾಳ ಸರಳ ವಿದ್ಯೆ.

ಸಣ್ಣ ಮೆಷಿನ್‌ಗೆ ಸ್ಲಿಮ್ ಸ್ಕೇಲೇ ತಗೋರಿ. ದಪ್ಪನೆಯದು ತಗೊಂಡರೆ ಟೇಬಲ್ಲಿಗಿಂತ ಸ್ಕೇಲೇ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು, 300 ಓಟದ ಸ್ಕೇಲ್ ಅಂದರೆ 300 ಉದ್ದ ಅಲ್ಲರಿ. ಎರಡೂ ತುದಿ ಸೇರಿ 140 ಮಿಮೀ ಆಸುಪಾಸು ಜಾಸ್ತಿ ಇರುತ್ತದೆ. ಆರ್ಡರ್ ಮಾಡೋ ಮುಂಚೆ ಟೇಪ್ ಹಿಡಿದು ನೋಡ್ರಿ.

ಆದೋನಿ ಗೇರ್‌ಬಾಕ್ಸ್
ಸೋಮವಾರ, ಬೆಳಿಗ್ಗೆ 8:05

ಉದ್ದದ ಮಾತು ಬಂದಾಗಲೇ ಮ್ಯಾಗ್ನೆಟಿಕ್ ಗೆಲ್ಲುವುದು. ಟೇಪನ್ನು ಬೇಕಾದಷ್ಟಕ್ಕೆ ಕತ್ತರಿಸಬಹುದು, ಅಂಟಿಸಬಹುದು. ಟೇಪಿನ ಮೇಲೆ ಓಡಿ ಅಳತೆ ಓದುವ ರೀಡ್ ಹೆಡ್ ಬೆರಳಿನಷ್ಟು. ಎಣ್ಣೆ, ನೀರು ಏನು ಬಿದ್ದರೂ ಲೆಕ್ಕಕ್ಕಿಲ್ಲ. ಕಬ್ಬಿಣದ ಪುಡಿ ಹಿಡಿಯುತ್ತದೆ ಅಂತ ಹೆದರಿಸುತ್ತಾರೆ. ಮೇಲೆ ಸ್ಟೇನ್‌ಲೆಸ್ ಪಟ್ಟಿ ಇರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಬೆಲೆ ಮಾತ್ರ ಜಾಸ್ತಿ, ಒಪ್ಪುತ್ತೇನೆ.

ಕುಂಬಳೆ ಕಡಲು
ಸೋಮವಾರ, ಬೆಳಿಗ್ಗೆ 9:30

ನಮ್ಮದು ಸಮುದ್ರದಿಂದ ಒಂದು ಕಿಲೋಮೀಟರ್. ದೋಣಿ ಎಂಜಿನ್ನಿನ ಕೆಲಸ. ಗಾಜಿನ ಸ್ಕೇಲ್ ಹಾಕಿ ಐದು ಮಳೆಗಾಲ ಆಯಿತು, ಎಂತ ಆಗಲಿಲ್ಲ. ಮಾಡಿದ್ದು ಎರಡೇ. ಸ್ಕೇಲಿನ ರಬ್ಬರ್ ತುಟಿ ಕೆಳಮುಖ ಬರುವ ಹಾಗೆ ಕೂರಿಸಿದೆ, ಮೇಲೆ ಅಲ್ಯೂಮಿನಿಯಂ ತಗಡಿನ ಮಾಡು ಕೊಟ್ಟೆ. ಮತ್ತೆ ಕಂಪ್ರೆಸರ್ ಗಾಳಿಯಲ್ಲಿ ಚೂರು ಹಾರಿಸುವುದನ್ನು ನಿಲ್ಲಿಸಿದೆ. ತುಟಿಯೊಳಗೆ ಚೂರು ನುಗ್ಗಿಸುವುದು ಮಳೆ ಅಲ್ಲ ಮಾರಾಯ್ರೆ, ನಾವು ಹಿಡಿದ ಏರ್ ಗನ್ನು. ಬ್ರಷ್ ಸಾಕು.

ಬದಿಯಡ್ಕ ಬೆಂಚ್‌ಮಿಲ್
ಬುಧವಾರ, ರಾತ್ರಿ 8:50

ಗಾಜಿನದ್ದೇ ಆರ್ಡರ್ ಮಾಡಿದೆ. ಸ್ಲಿಮ್, 300 ಮತ್ತು 150, ಎರಡು ಆಕ್ಸಿಸ್ ಡಿಸ್‌ಪ್ಲೇ. ಕುಂಬಳೆಯವರ ಐದು ಮಳೆಗಾಲ ಕೇಳಿ ಧೈರ್ಯ ಬಂತು.

ಹೊಸೂರಿನವರು ಹೇಳಿದ ಗಿಬ್ ಪರೀಕ್ಷೆಯನ್ನೂ ಮಾಡಿದೆ. ಮುಳ್ಳು 0.11 ಹೋಯಿತು! ಗಿಬ್ ಹೊರಗೆ ತೆಗೆದರೆ ಎಣ್ಣೆ ಕರಿ ಮೇಣದ ಹಾಗೆ ಆಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸ್ಕ್ರೂಗಳನ್ನು ನಡುವಿನಿಂದ ಒಂದೊಂದಾಗಿ ಬಿಗಿ ಮಾಡಿದ ಮೇಲೆ 0.03ಕ್ಕೆ ಬಂತು. ಇನ್ನೂ ಬಿಗಿ ಮಾಡಿದರೆ ಹ್ಯಾಂಡಲ್ ತಿರುಗುವುದಿಲ್ಲ.

ಈಗ ಪ್ರಶ್ನೆ: ಉದ್ದದ ಸ್ಕೇಲ್ ಟೇಬಲ್ಲಿನ ಮುಂದೆಯೋ ಹಿಂದೆಯೋ? ಹಿಂದೆ ಹಾಕಿದರೆ ಅಡ್ಡದ ಓಟ 130ರಲ್ಲಿ ಇಪ್ಪತ್ತು ಇಪ್ಪತ್ತೈದು ಹೋಗುತ್ತದೆ, ಕಾಲಮ್‌ಗೆ ತಾಗುತ್ತದೆ. ಮುಂದೆ ಹಾಕಿದರೆ ಟೇಬಲ್ ಲಾಕ್ ಮಾಡುವ ಎರಡು ಹಿಡಿಗಳಿಗೆ ಅಡ್ಡ ಬರುತ್ತದೆ.

ಆದೋನಿ ಗೇರ್‌ಬಾಕ್ಸ್
ಬುಧವಾರ, ರಾತ್ರಿ 9:10

ಇದಕ್ಕೇ ಹೇಳಿದ್ದು ಮ್ಯಾಗ್ನೆಟಿಕ್ ಅಂತ. ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಇರಲಿ, ಆರ್ಡರ್ ಆಗಿದೆ.

ಹೊಸೂರು ಟೂಲ್‌ರೂಮ್
ಬುಧವಾರ, ರಾತ್ರಿ 9:55

ಮುಂದೆ ಹಾಕಿ. ಲಾಕ್ ಹಿಡಿ ತೆಗೆದು ಉದ್ದದ ಅಲನ್ ಬೋಲ್ಟ್ ಹಾಕಿದರೆ ಆಯ್ತು. ಕಳೆದುಹೋದ ಓಟ ವಾಪಸ್ ಬರುವುದಿಲ್ಲ, ಸಣ್ಣ ಮೆಷಿನ್‌ನಲ್ಲಿ 25 ಮಿಮೀ ಅಂದರೆ ಆಸ್ತಿ. ಮುಂದೆ ಹಾಕಿದರೆ ಚೂರು ಬೀಳುತ್ತದೆ, ಅದಕ್ಕೆ ಕುಂಬಳೆಯವರ ಮಾಡು ಇದೆಯಲ್ಲ.

ಕೂರಿಸುವ ಕ್ರಮ ಹೇಳುತ್ತೇನೆ. ಮೊದಲು ಒಂದು ತುದಿಯ ತೂತು ಮಾತ್ರ ಹಾಕಿ. ಎಂ4 ಟ್ಯಾಪ್‌ಗೆ 3.3 ಡ್ರಿಲ್. ಟೇಬಲ್ ಎರಕದ ಕಬ್ಬಿಣ, ಒಣಗಲಲ್ಲೇ ಟ್ಯಾಪ್ ಓಡುತ್ತದೆ. ಆದರೆ ಡ್ರಿಲ್ಲಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ, ಟಿ ಸ್ಲಾಟ್ ಒಳಗೆ ತೂತು ಬಿದ್ದರೆ ಜೀವನವಿಡೀ ಕಾಣುತ್ತಿರುತ್ತದೆ. ಆ ಸ್ಕ್ರೂ ಸಡಿಲ ಹಾಕಿ ಸ್ಕೇಲ್ ನೇತುಹಾಕಿ. ಡಯಲ್ ಗೇಜನ್ನು ಸ್ಪಿಂಡಲ್‌ಗೆ ಕಟ್ಟಿ, ಸ್ಕೇಲಿನ ಮೈಮೇಲೆ ಮುಳ್ಳು ಓಡಿಸಿ. ಮೇಲ್ಮೈಗೊಮ್ಮೆ, ಮುಂಬದಿಗೊಮ್ಮೆ. ಎರಡೂ ಕಡೆ ಇಡೀ ಉದ್ದಕ್ಕೆ 0.1ರ ಒಳಗೆ ಬಂದ ಮೇಲೆ ಇನ್ನೊಂದು ತುದಿಗೆ ಗುರುತು ಹಾಕಿ.

ಇಷ್ಟು ಸರಿ ಮಾಡುವುದು ಅಳತೆ ತಪ್ಪುತ್ತದೆ ಅಂತ ಅಲ್ಲ. ಈ ತಪ್ಪು ಕಲ್ಪನೆ ಎಲ್ಲ ಕಡೆ ಇದೆ. 300 ಮಿಮೀಗೆ ಸ್ಕೇಲ್ ಒಂದು ಇಡೀ ಮಿಲಿಮೀಟರ್ ಓರೆ ಆದರೂ ಅಳತೆಯಲ್ಲಿ ಬರುವ ವ್ಯತ್ಯಾಸ 0.0017 ಮಾತ್ರ. ಬೇಕಾದರೆ ಪೈಥಾಗೊರಸ್ ಹಾಕಿ ನೋಡಿ. ನಿಜವಾದ ಕಾರಣ ಬೇರೆ. ಓರೆ ಇದ್ದರೆ ಓಡುತ್ತಾ ಓಡುತ್ತಾ ರೀಡ್ ಹೆಡ್ ಒಂದು ಪಕ್ಕಕ್ಕೆ ಒತ್ತುತ್ತದೆ. ಒಳಗಿನ ಸಣ್ಣ ಬೇರಿಂಗು ಗಾಜಿನ ಮೇಲಿಂದ ಏಳುತ್ತದೆ ಅಥವಾ ಗಾಜನ್ನು ತಿನ್ನುತ್ತದೆ.

ಬ್ರಾಕೆಟ್ ಗಿಡ್ಡ ಇರಲಿ, ದಪ್ಪ ಇರಲಿ. ಸ್ಕೇಲ್ ಜೊತೆ ಬರುವ ತೆಳು ಪಟ್ಟಿ ಎಸೆಯಿರಿ. ಹೆಡ್ ಮತ್ತು ಸ್ಕೇಲ್ ನಡುವೆ ಪ್ಯಾಕಿಂಗ್ ಕ್ಲಿಪ್ ಇರುತ್ತದೆ, ಎಲ್ಲ ಬಿಗಿ ಆಗುವ ತನಕ ಅದನ್ನು ತೆಗೆಯಬೇಡಿ. ಗ್ಯಾಪ್ ಹಿಡಿದು ಕೊಡುವುದೇ ಅದು.

ಅಕ್ಕಲಕೋಟೆ ಲೇತ್
ಬುಧವಾರ, ರಾತ್ರಿ 10:30

ಎಲ್ಲ ಬಿಗಿ ಮಾಡಿದ ಮ್ಯಾಲೆ ಹ್ಯಾಂಡಲ್ ಜೋರಾಗಿ ತಿರುಗಿಸಬ್ಯಾಡ್ರಿ. ನನ್ನ ಕಥೆ ಕೇಳ್ರಿ. ಹುರುಪಿನಲ್ಲಿ ವೈ ಆಕ್ಸಿಸ್ (ಅಡ್ಡದ ಓಟ) ಒಂದು ತುದಿಯಿಂದ ಇನ್ನೊಂದು ತುದಿಗೆ ಗರಗರ ತಿರುಗಿಸಿದೆ. ಮೆಷಿನ್ ಓಟ ಇನ್ನೂ ಆರು ಮಿಲಿಮೀಟರ್ ಉಳಿದಿತ್ತು, ಸ್ಕೇಲಿನ ಓಟ ಮುಗಿದಿತ್ತು. "ಟಿಕ್" ಅಂತ ಒಂದೇ ಸಪ್ಪಳ. ಲೀಡ್‌ಸ್ಕ್ರೂ ಬಲದ ಮುಂದೆ ಗಾಜು ಏನು ತಡೀತದ? ಹೊರಗೆ ಏನೂ ಕಾಣಲಿಲ್ಲ. ಒಳಗೆ ಸೀಳು. ಅಂಕಿ 88ರ ತನಕ ಬರುತ್ತಿತ್ತು, ಅಲ್ಲಿಂದ ಮುಂದೆ ಟೇಬಲ್ ಹೋದರೂ 88ರಲ್ಲೇ ನಿಂತಿರುತ್ತಿತ್ತು. ಹೊಸ ಸ್ಕೇಲ್ ತರಿಸಿದೆ. ಮನಿಯಾಗ ಹೇಳಲಿಲ್ಲ.

ಮೊದಲು ಹೆಡ್ ಕಟ್ಟದೇ ಎರಡೂ ತುದಿ ನೋಡ್ರಿ. ಆಮೇಲೆ ಮೆಷಿನ್‌ಗೇ ಒಂದು ಸ್ಟಾಪ್ ಹಾಕ್ರಿ, ಸ್ಕೇಲ್ ಮುಗಿಯುವ ಮೊದಲು ಮೆಷಿನ್ ನಿಲ್ಲಬೇಕು.

ಬದಿಯಡ್ಕ ಬೆಂಚ್‌ಮಿಲ್
ಮೂರು ವಾರದ ನಂತರ, ಶನಿವಾರ ರಾತ್ರಿ 10:20

ಕೂರಿಸಿದೆ. ಎರಡು ಶನಿವಾರ, ಎರಡು ಭಾನುವಾರ ಹೋಯಿತು. ಬ್ರಾಕೆಟ್‌ಗಳನ್ನು ಇದೇ ಮೆಷಿನ್ನಿನಲ್ಲಿ 12 ಮಿಮೀ ಅಲ್ಯೂಮಿನಿಯಂ ತುಂಡಿನಿಂದ ಕತ್ತರಿಸಿದೆ. ಕೊನೆಯ ಬಾರಿ ಸುತ್ತು ಎಣಿಸಿದ್ದು ಅದಕ್ಕೇ.

ಓರೆ ಎಕ್ಸ್‌ಗೆ (ಉದ್ದದ ಓಟ) 0.06, ವೈಗೆ 0.08. ಸ್ಟಾಪ್ ಹಾಕಿದೆ. ಮಾಡೂ ಹಾಕಿದೆ. ನಿಖರ ಅಳತೆಯ ಗೇಜ್ ಬ್ಲಾಕ್ ತುಂಡುಗಳು ಇಲ್ಲ, ಹಾಗಾಗಿ ಡಯಲ್ ಗೇಜಿನ 10 ಮಿಮೀ ಜೊತೆ ಹೋಲಿಸಿದೆ, ಸರಿ ಬಂತು.

ಆದರೆ ಈಗ ಬೇರೆಯೇ ತಲೆನೋವು. ಸ್ಪಿಂಡಲ್ ಆಫ್ ಇರುವಾಗ ಅಂಕೆ ಕಲ್ಲಿನ ಹಾಗೆ ನಿಂತಿರುತ್ತದೆ. ಆನ್ ಮಾಡಿದ ಕೂಡಲೇ ಎಕ್ಸ್ ತಾನಾಗಿ ನಡೆಯುತ್ತದೆ. 0.005, 0.010, 0.015... ಸ್ಪೀಡ್ ಏರಿಸಿದರೆ ಬೇಗ ಬೇಗ. ಟೇಬಲ್ ಲಾಕ್ ಮಾಡಿದರೂ ಅಷ್ಟೇ. ಸ್ಕೇಲ್ ಹಾಳಾ?

ತಾಳವಾಡಿ ವೈರು
ಶನಿವಾರ, ರಾತ್ರಿ 10:34

ಸ್ಕೇಲ್ ಹಾಳಲ್ಲ. ಅರ್ತ್ ನೋಡಿ. ಸ್ಪೀಡ್ ಕಂಟ್ರೋಲ್ ಇರುವ ಮೋಟರು ಗಲಾಟೆ ಎಬ್ಬಿಸುತ್ತದೆ, ಸ್ಕೇಲಿನ ಸಿಗ್ನಲ್ ಬರೀ 5 ವೋಲ್ಟ್. ಗಲಾಟೆಯನ್ನೇ ಎಣಿಕೆ ಅಂದುಕೊಳ್ಳುತ್ತಿದೆ. ಎಕ್ಸ್ ಕೇಬಲ್ ಮೋಟರ್ ವೈರಿನ ಜೊತೆ ಕಟ್ಟಿದ್ದೀರಾ? ಡಿಸ್‌ಪ್ಲೇಯ ತ್ರೀ ಪಿನ್ ಎಲ್ಲಿ ಹಾಕಿದ್ದೀರಿ?

ಬದಿಯಡ್ಕ ಬೆಂಚ್‌ಮಿಲ್
ಶನಿವಾರ, ರಾತ್ರಿ 10:41

ಎರಡನ್ನೂ ಒಟ್ಟಿಗೆ ಟೈ ಹಾಕಿ ಕಟ್ಟಿದ್ದೇನೆ, ಚಂದ ಕಾಣಲಿ ಅಂತ. ತ್ರೀ ಪಿನ್ ಎದುರಿನ ಗೋಡೆಯ ಪ್ಲಗ್ಗಿಗೆ.

ತಾಳವಾಡಿ ವೈರು
ಶನಿವಾರ, ರಾತ್ರಿ 10:44

ಚಂದ ಬಿಚ್ಚಿ ಮೊದಲು. ಎರಡು ಕೇಬಲ್ ಬೇರೆ ಬೇರೆ ದಾರಿಯಲ್ಲಿ ಹೋಗಲಿ. ಮೆಷಿನ್ ಮತ್ತು ಡಿಸ್‌ಪ್ಲೇ ಒಂದೇ ಬೋರ್ಡಿನ ಪ್ಲಗ್ಗಿಗೆ ಬರಲಿ. ಡಿಸ್‌ಪ್ಲೇ ಹಿಂದೆ ಅರ್ತ್ ಸ್ಕ್ರೂ ಇರುತ್ತದೆ, ಅಲ್ಲಿಂದ ಮೆಷಿನ್ ಮೈಗೆ ಒಂದು ದಪ್ಪ ವೈರ್ ಎಳೆಯಿರಿ, ಪೇಂಟ್ ಕೆರೆದು. ಆಮೇಲೆ ಎಲೆಕ್ಟ್ರಿಷಿಯನ್ ಕರೆದು ಆ ಕೊಟ್ಟಿಗೆಯ ಪ್ಲಗ್ಗಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ.

ಬದಿಯಡ್ಕ ಬೆಂಚ್‌ಮಿಲ್
ಮಂಗಳವಾರ, ರಾತ್ರಿ 9:15

ಕೇಬಲ್ ಬೇರೆ ಮಾಡಿದೆ, ವೈರ್ ಎಳೆದೆ. ಅರ್ಧ ಕಡಿಮೆಯಾಯಿತು, ಪೂರ್ತಿ ಇಲ್ಲ.

ಇವತ್ತು ಎಲೆಕ್ಟ್ರಿಷಿಯನ್ ಬಂದರು. ಫೇಸಿಗೂ ನ್ಯೂಟ್ರಲಿಗೂ 228. ಫೇಸಿಗೂ ಅರ್ತಿಗೂ 90, ಅದೂ ನಿಲ್ಲದೆ ತೇಲುತ್ತಿತ್ತು. ಅವರು ನಕ್ಕರು. ಕೊಟ್ಟಿಗೆಗೆ ಕರೆಂಟು ಎಳೆದಾಗ ಹಾಕಿದ ಅರ್ತ್ ಕಡ್ಡಿ ಮುರಕಲ್ಲಿನ ಮೇಲೆ ಎರಡಡಿ ಇಳಿದು ನಿಂತುಬಿಟ್ಟಿತ್ತು. ಮಳೆಗಾಲದಲ್ಲಿ ಹೇಗೋ ನಡೆದಿರಬೇಕು. ಈಗ ಏಪ್ರಿಲ್, ಮುರಕಲ್ಲು ಒಣಗಿ ಬಿಸ್ಕೆಟ್. ಇಷ್ಟು ದಿನ ಆ ಮೆಷಿನ್ ಮುಟ್ಟಿಕೊಂಡು ಚಪ್ಪಲಿ ಇಲ್ಲದೆ ನಿಂತದ್ದು ನೆನಪಾಗಿ ಬೆವರಿತು. ಬಾವಿಕಟ್ಟೆಯ ಹತ್ತಿರ ಬಚ್ಚಲ ನೀರು ಹೋಗುವ ಜಾಗದಲ್ಲಿ ಹೊಸ ಗುಂಡಿ ತೋಡಿ, ಉದ್ದದ ಪೈಪು, ಇದ್ದಿಲು, ಉಪ್ಪು ಹಾಕಿ ಸರಿ ಮಾಡಿದರು. ಕರೆಂಟು ಸೋರಿದರೆ ಕಡಿದುಹಾಕುವ ಇಎಲ್‌ಸಿಬಿಯನ್ನೂ ಹಾಕಿಸಿದೆ.

ಈಗ ಫುಲ್ ಸ್ಪೀಡಿನಲ್ಲೂ ಅಂಕೆ ಅಲ್ಲಾಡುವುದಿಲ್ಲ.

ಕುಂಬಳೆ ಕಡಲು
ಮಂಗಳವಾರ, ರಾತ್ರಿ 9:40

ಡಿಆರ್‌ಒ ಹಾಕದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ದುಡ್ಡು ಅಲ್ಲಿಗೇ ವಸೂಲ್.

ಹೊಸೂರು ಟೂಲ್‌ರೂಮ್
ಬುಧವಾರ, ಬೆಳಿಗ್ಗೆ 7:30

ಸಂತೋಷ. ಈಗ ಒಂದು ಕೆಲಸ ಮಾಡಿ. ಎಕ್ಸ್ ಸೊನ್ನೆ ಮಾಡಿ. ಕಣ್ಣು ಡಿಸ್‌ಪ್ಲೇ ಮೇಲಿಟ್ಟು ಟೇಬಲ್ ಲಾಕ್ ಬಿಗಿ ಮಾಡಿ. ಎಷ್ಟು ತೋರಿಸಿತು ಹೇಳಿ. ಆಮೇಲೆ ಬ್ರಾಕೆಟ್ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಅದನ್ನೂ ಹೇಳಿ.

ಬದಿಯಡ್ಕ ಬೆಂಚ್‌ಮಿಲ್
ಭಾನುವಾರ, ಸಂಜೆ 6:50

ಲಾಕ್ ಬಿಗಿ ಮಾಡಿದರೆ ಎಕ್ಸ್ 0.025 ಹೋಗುತ್ತದೆ, ಪ್ರತಿ ಸಲ ಒಂದೇ ಕಡೆಗೆ. ವೈ 0.040! ಇದು ಮೊದಲೂ ಆಗುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೇ. ಈಗ ಲಾಕ್ ಅರ್ಧ ಬಿಗಿ ಮಾಡಿ, ಅಂಕೆ ಸರಿಪಡಿಸಿ, ಮತ್ತೆ ಪೂರ್ತಿ ಬಿಗಿ ಮಾಡುತ್ತೇನೆ. ಕೊನೆಗೆ ಒಂದೋ ಎರಡೋ ಎಣಿಕೆ ಆಚೀಚೆ. ಹೆಬ್ಬೆರಳಿಗೆ ಎಕ್ಸ್ ಬ್ರಾಕೆಟ್ ಜಗ್ಗಲಿಲ್ಲ. ವೈ 0.010 ಜಗ್ಗಿತು, ಅದಕ್ಕೆ ಇನ್ನೊಂದು ಸ್ಕ್ರೂ ಹಾಕಿದೆ.

ಇವತ್ತು ಮೊದಲ ನಿಜವಾದ ಕೆಲಸ. ಬಾಗಿಲಿಗೆ ಇಟ್ಟ ಫ್ಲಾಂಜು ಇದೆಯಲ್ಲ, ಅದರದ್ದೇ ಜೋಡಿ. ಮೋಟರಿಗೆ ಸ್ಪ್ರೇಯರ್ ಪಂಪ್ ಜೋಡಿಸುವುದು. 85 ಮಿಮೀ ವೃತ್ತದ ಮೇಲೆ ಆರು ತೂತು, 8 ಮಿಮೀ ರೀಮರ್.

ನಡುವಿನ ಬೋರಿನ ಸೆಂಟರ್ ಹುಡುಕಿದ್ದು ಅರ್ಧ ಮಾಡುವ ಬಟನ್ನಿನಲ್ಲಿ. ಎಡಗೋಡೆಗೆ ಎಡ್ಜ್ ಫೈಂಡರ್ (ಸ್ಪಿಂಡಲ್‌ಗೆ ಹಾಕಿ ಅಂಚು ಹುಡುಕುವ ಕಡ್ಡಿ) ತಾಗಿಸಿ ಸೊನ್ನೆ, ಬಲಗೋಡೆಗೆ ತಾಗಿಸಿ ಅರ್ಧ, ಆಮೇಲೆ ಸೊನ್ನೆಗೆ ಓಡಿಸುವುದು. ಎಡ್ಜ್ ಫೈಂಡರಿನ 10 ಮಿಮೀ ದಪ್ಪದ ಲೆಕ್ಕವೇ ಬೇಡ, ಎರಡೂ ಕಡೆ ಅಷ್ಟಷ್ಟೇ ಕಳೆದು ಹೋಗುತ್ತದೆ. ಆಮೇಲೆ ವೃತ್ತದ ಬಟನ್, 85, 6, ಶುರುವಿನ ಕೋನ 0. ಮೊದಲ ತೂತು ಎಕ್ಸ್ 42.500. ಎರಡನೆಯದು ಎಕ್ಸ್ 21.250, ವೈ 36.805. ಡಿಸ್‌ಪ್ಲೇಯಲ್ಲಿ ಸೊನ್ನೆ ಬರುವ ತನಕ ಹ್ಯಾಂಡಲ್ ತಿರುಗಿಸುವುದು, ಲಾಕ್, ತೂತು. ಸುತ್ತು ಎಣಿಸುವುದಿಲ್ಲ.

ನಾಲ್ಕನೆಯ ತೂತಿನಲ್ಲಿ ಕರೆಂಟು ಹೋಯಿತು. ಟೇಬಲ್ ಲಾಕ್ ಇತ್ತು, ನಾನು ಮುಟ್ಟಲಿಲ್ಲ. ಕರೆಂಟು ಬಂದಾಗ ಅಂಕೆ ಇದ್ದಲ್ಲೇ ಇತ್ತು. ಮುಟ್ಟಿದ್ದರೆ ಹೋಗುತ್ತಿತ್ತು ಅಲ್ವಾ?

ಕೊನೆಗೆ 8 ಮಿಮೀ ಡವಲ್ ಪಿನ್ ಆರು ತೂತಿಗೂ ಹಾಕಿ ಹೊರಗಿನಿಂದ ಅಳೆದೆ. ಎದುರು ಬದುರು 93.00 ಬರಬೇಕು. ಮೂರು ಜೋಡಿ: 93.01, 93.00, 93.02. ಆರು ತೂತಾದ್ದರಿಂದ ಅಕ್ಕಪಕ್ಕದ ದೂರ ಅರೆವ್ಯಾಸದಷ್ಟೇ, ಪಿನ್ ಸೇರಿ 50.50 ಬರಬೇಕು. ಅತಿ ಕೆಟ್ಟದ್ದು 50.53. ಮೋಟರಿನ ಮೇಲೆ ಇಟ್ಟರೆ ಆರೂ ಬೋಲ್ಟು ಬೆರಳಲ್ಲೇ ಇಳಿದವು. ಫ್ಲಾಂಜು 60 ಡಿಗ್ರಿ ತಿರುಗಿಸಿ ಇಟ್ಟರೂ ಇಳಿದವು.

ಅಕ್ಕಲಕೋಟೆ ಲೇತ್
ಭಾನುವಾರ, ಸಂಜೆ 7:15

ತಿರುಗಿಸಿ ಇಟ್ಟು ನೋಡಿದ್ದು ಛಲೋ ಮಾಡಿದ್ರಿ. ಅಲ್ಲೇ ಖರೇ ಪರೀಕ್ಷೆ.

ಕರೆಂಟು ಇಲ್ಲದಾಗ ಟೇಬಲ್ ಸರಿದರೆ ಅದಕ್ಕೆ ಗೊತ್ತಾಗುವುದಿಲ್ಲರಿ. ಸ್ಕೇಲಿನೊಳಗ 50 ಮಿಮೀಗೆ ಒಂದು ರೆಫರೆನ್ಸ್ ಗುರುತು ಇರುತ್ತದೆ. ಕೆಲಸ ಶುರು ಮಾಡುವಾಗಲೇ ಒಂದು ಗುರುತು ದಾಟಿಸಿ ಸೊನ್ನೆಯನ್ನ ಅದಕ್ಕೆ ಕಟ್ಟಿ ಇಟ್ಟರೆ, ಆಮೇಲೆ ಅದೇ ಗುರುತಿಗೆ ಹೋಗಿ ವಾಪಸ್ ತರಬಹುದು. ಯಾವ ಗುರುತು ಅಂತ ಟೇಬಲ್ ಮ್ಯಾಲೆ ಮಾರ್ಕರಿನಿಂದ ಗೀಟು ಹಾಕ್ರಿ, ಇಲ್ಲಾಂದರೆ 50 ಮಿಮೀ ಪಕ್ಕದ ಗುರುತು ಸಿಕ್ಕು ಹೊಸ ಕಥೆ ಆಗುತ್ತದೆ.

ಆದೋನಿ ಗೇರ್‌ಬಾಕ್ಸ್
ಭಾನುವಾರ, ರಾತ್ರಿ 8:00

ಚೆನ್ನಾಗಿ ಬಂದಿದೆ, ಒಪ್ಪಿದೆ. ಆದರೂ ಆ ಮೂರನೆಯ ಅಂಕೆಯನ್ನು ಜಾಸ್ತಿ ನಂಬಬೇಡಿ. 300 ಮಿಮೀ ಅಲ್ಯೂಮಿನಿಯಂ ತುಂಡು 10 ಡಿಗ್ರಿ ಬಿಸಿ ಆದರೆ 0.07 ಉದ್ದ ಆಗುತ್ತದೆ. ಉಕ್ಕು ಅದರ ಅರ್ಧ. ಇಲ್ಲಿ ಮೇ ತಿಂಗಳಲ್ಲಿ ಶೆಡ್ಡಿನೊಳಗೆ 42. ಬಿಸಿ ಇರುವಾಗಲೇ ಅಳೆದು ಖುಷಿಪಟ್ಟು, ತಣ್ಣಗಾದ ಮೇಲೆ ಅತ್ತವನು ನಾನು.

ಬದಿಯಡ್ಕ ಬೆಂಚ್‌ಮಿಲ್
ಭಾನುವಾರ, ರಾತ್ರಿ 9:20

ಝಡ್‌ಗೆ (ಮೇಲೆ ಕೆಳಗಿನ ಓಟ) ಏನು ಮಾಡಲಿ? ಅದಕ್ಕೂ ಗಾಜು ಹಾಕುವಷ್ಟು ಕೈಯಲ್ಲಿ ಉಳಿದಿಲ್ಲ.

ತಾಳವಾಡಿ ವೈರು
ಭಾನುವಾರ, ರಾತ್ರಿ 9:26

ನನ್ನ ವರ್ನಿಯರ್ ಥರದ್ದು ಹಾಕಿ. ಕಾಲಮ್ಮಿನ ಪಕ್ಕ ಎತ್ತರದಲ್ಲಿ ಇರುತ್ತದೆ, ಅಲ್ಲಿಗೆ ಕೂಲೆಂಟ್ ಬರೋದು ಕಡಿಮೆ. ಬಟನ್ ಸೆಲ್ ಒಂದು ಎಕ್ಸ್‌ಟ್ರಾ ಇಟ್ಟುಕೊಳ್ಳಿ.

ಹೊಸೂರು ಟೂಲ್‌ರೂಮ್
ಭಾನುವಾರ, ರಾತ್ರಿ 9:50

ಸಾಕು ಅದು. ಆಳ ಯಾವಾಗಲೂ ಮೇಲಿನಿಂದ ಕೆಳಗೆ ಇಳಿಸುತ್ತಾ ಹಿಡಿಯಿರಿ. ಅಳತೆ ದಾಟಿದರೆ ಒಂದು ಮಿಲಿಮೀಟರ್ ಮೇಲೆತ್ತಿ ಮತ್ತೆ ಇಳಿಸಿ. ಹೆಡ್ಡಿನ ಭಾರಕ್ಕೆ ಅದು ಸ್ಕ್ರೂ ಮೇಲೆ ಕೂತಿರುತ್ತದೆ, ಆದರೆ ಗಿಬ್ ಬಿಗಿ ಇದ್ದರೆ ಒಮ್ಮೊಮ್ಮೆ ಅಂಟಿಕೊಂಡು ನಿಂತು, ಕಟರ್ ಓಡುವಾಗ ದಡಕ್ಕನೆ ಇಳಿಯುತ್ತದೆ. ಝಡ್ ಗಿಬ್ ಬಿಚ್ಚಿ ತೊಳೆದಿರಾ?

ಬದಿಯಡ್ಕ ಬೆಂಚ್‌ಮಿಲ್
ಭಾನುವಾರ, ರಾತ್ರಿ 9:58

ಇಲ್ಲ. ಸೀಮೆಎಣ್ಣೆ ಮುಗಿದಿದೆ. ನಾಳೆ.